ಹಳೇ ಮಿಯಾಟಾದ ಸಸ್ಪೆನ್ಷನ್: ಮೊದಲು ರಬ್ಬರ್ ನೋಡಿ, ಸ್ಪ್ರಿಂಗ್ ಆಮೇಲೆ

ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರ ಬಾಯಲ್ಲಿ ಒಂದು ಮಾತು ಜಾಸ್ತಿ ಕೇಳಿಬರುತ್ತದೆ. "ಮೂವತ್ತು ವರ್ಷದ ಗಾಡಿ ಅಲ್ವಾ, ಸ್ವಲ್ಪ ಜೋಲಾಡುತ್ತೆ, ಸ್ವಲ್ಪ ಸದ್ದು ಮಾಡುತ್ತೆ, ಅದು ಹಾಗೇ." ನನಗೆ ಈ ಮಾತು ಒಪ್ಪಿಗೆಯಿಲ್ಲ. ಕಾರ್ಖಾನೆಯಿಂದ ಹೊರಬಂದ ದಿನ ಅದು ಜೋಲಾಡುತ್ತಿರಲಿಲ್ಲ. ಸ್ಟೀರಿಂಗ್ ತಿರುಗಿಸಿದ ಮೇಲೆ ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ತಿರುಗುತ್ತಿರಲಿಲ್ಲ. ಅದು ಆ ಕಾರಿನ ಗುಣವಲ್ಲ, ಸವೆತ. ಸವೆದದ್ದನ್ನು ಬದಲಾಯಿಸಿದರೆ ಹೋಗುತ್ತದೆ. ಆದರೆ ಏನು ಸವೆದಿದೆ ಅಂತ ಸರಿಯಾಗಿ ಗೊತ್ತಿರಬೇಕು. ಇಲ್ಲವಾದರೆ ದುಬಾರಿ ಶಾಕ್ ಅಬ್ಸಾರ್ಬರ್ ಹಾಕಿಸಿ, ಕಾರನ್ನು ಎರಡು ಇಂಚು ತಗ್ಗಿಸಿ, ಕೊನೆಗೆ ಅದೇ ಜೋಲಾಟವನ್ನು ಇನ್ನೂ ಗಡುಸಾಗಿ ಅನುಭವಿಸಬೇಕಾಗುತ್ತದೆ.

ಉದಾಹರಣೆಗೆ ಮಜ್ದಾ ಎಂಎಕ್ಸ್-5 ಮಿಯಾಟಾದ ಮೊದಲ ತಲೆಮಾರನ್ನು ತೆಗೆದುಕೊಳ್ಳೋಣ. ನಮ್ಮೂರಲ್ಲಿ ಮಜ್ದಾ ಅಂದರೆ ಸ್ವರಾಜ್ ಮಜ್ದಾ ಮಿನಿ ಬಸ್ಸೇ ನೆನಪಾಗುವುದು. ಈ ಕಾರನ್ನು ಭಾರತದಲ್ಲಿ ಕಂಪನಿ ಮಾರಲೇ ಇಲ್ಲ. ಆದರೆ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿ ಇರುವ ಕನ್ನಡಿಗರಿಗೆ ಇದು ಹೊಸದಲ್ಲ. ವಾರಾಂತ್ಯದ ಆಟಿಕೆಯಾಗಿ ಕೊಳ್ಳಲು ಇದಕ್ಕಿಂತ ಸುಲಭದ ಹಳೇ ಸ್ಪೋರ್ಟ್ಸ್ ಕಾರು ಸಿಗುವುದು ಕಷ್ಟ. 1989ರ ಫೆಬ್ರವರಿಯಲ್ಲಿ ಷಿಕಾಗೊ ಆಟೊ ಷೋನಲ್ಲಿ ಮೊದಲು ತೋರಿಸಿದರು. ತಯಾರಾಗುತ್ತಿದ್ದದ್ದು ಹಿರೊಷಿಮಾದಲ್ಲಿ. ಸುಮಾರು 950 ಕಿಲೋ ತೂಕ, 1.6 ಲೀಟರ್ ಎಂಜಿನ್, 115ರ ಆಸುಪಾಸು ಅಶ್ವಶಕ್ತಿ, ಹಿಂದಿನ ಚಕ್ರಗಳಿಗೆ ಶಕ್ತಿ. ಈಗಿನ ಕಾರುಗಳ ಲೆಕ್ಕದಲ್ಲಿ ಎಂಜಿನ್ ಏನೂ ಅಲ್ಲ. ಇದರ ಹೆಸರೆಲ್ಲ ಬಂದದ್ದು ತಿರುವಿನಲ್ಲಿ ನಡೆದುಕೊಳ್ಳುವ ರೀತಿಯಿಂದ. ಅಂದರೆ ಚಕ್ರಗಳನ್ನು ಕಾರಿಗೆ ಹಿಡಿದಿಡುವ ಸಸ್ಪೆನ್ಷನ್ ಹೋದರೆ ಈ ಕಾರಿನಲ್ಲಿ ಉಳಿಯುವುದು ಒಂದು ಸಣ್ಣ ಎಂಜಿನ್ನು ಮತ್ತು ನೀರು ಸೋರುವ ಬಟ್ಟೆಯ ಚಾವಣಿ ಅಷ್ಟೇ.

ನಾಲ್ಕೂ ಚಕ್ರಗಳಿಗೆ ಇದರಲ್ಲಿ ಡಬಲ್ ವಿಷ್‌ಬೋನ್ ಸಸ್ಪೆನ್ಷನ್ ಇದೆ. ಪ್ರತಿ ಚಕ್ರವನ್ನೂ ಮೇಲೊಂದು, ಕೆಳಗೊಂದು ಆರ್ಮ್ ಹಿಡಿದುಕೊಂಡಿರುತ್ತವೆ. ಮೇಲಿನದು ಗಿಡ್ಡ, ಕೆಳಗಿನದು ಉದ್ದ. ಯಾಕೆ? ತಿರುವಿನಲ್ಲಿ ಕಾರಿನ ಮೈ ಹೊರಗಡೆಗೆ ವಾಲುತ್ತದೆ. ಚಕ್ರವೂ ಅದರ ಜೊತೆಗೇ ವಾಲಿದರೆ ಟೈರಿನ ಅಂಚು ಮಾತ್ರ ನೆಲಕ್ಕೆ ತಾಗುತ್ತದೆ, ಹಿಡಿತ ಹೋಗುತ್ತದೆ. ಮೇಲಿನ ಆರ್ಮ್ ಗಿಡ್ಡವಾಗಿದ್ದರೆ, ಚಕ್ರ ಮೇಲಕ್ಕೆ ಸರಿಯುವಾಗ ಅದರ ತಲೆ ಒಳಕ್ಕೆ ಎಳೆಯಲ್ಪಡುತ್ತದೆ. ಮೈ ವಾಲಿದರೂ ಟೈರು ನೆಲದ ಮೇಲೆ ಬಹುಮಟ್ಟಿಗೆ ನೆಟ್ಟಗೆ ಕೂತಿರುತ್ತದೆ. ಇದರಲ್ಲಿ ಅಳತೆಗಳ ಲೆಕ್ಕವೆಲ್ಲ ಮಿಲಿಮೀಟರುಗಳಲ್ಲಿ.

ಆ ಲೆಕ್ಕ ನಿಂತಿರುವುದು ರಬ್ಬರಿನ ಮೇಲೆ. ಪ್ರತಿ ಆರ್ಮ್ ಕಾರಿನ ಚೌಕಟ್ಟಿಗೆ ಸೇರುವ ಜಾಗದಲ್ಲಿ ಒಂದೊಂದು ಬುಷ್ ಇರುತ್ತದೆ. ಒಳಗೊಂದು ಕಬ್ಬಿಣದ ಕೊಳವೆ, ಹೊರಗೊಂದು ಕಬ್ಬಿಣದ ಕೊಳವೆ, ಮಧ್ಯೆ ಎರಡಕ್ಕೂ ಅಂಟಿಕೊಂಡ ರಬ್ಬರ್. ಮಿಯಾಟಾದ ಹಿಂದಿನ ಚಕ್ರಗಳಲ್ಲಂತೂ ಬಾಲ್ ಜಾಯಿಂಟೇ (ಎಲ್ಲ ಕಡೆಗೂ ತಿರುಗುವ ಗುಂಡು ಕೀಲು) ಇಲ್ಲ, ಹೊರತುದಿಯಲ್ಲೂ ಬುಷ್‌ಗಳೇ. ರಬ್ಬರಿಗೆ ವಯಸ್ಸಾಗಲು ಕಾರು ಓಡಲೇಬೇಕು ಅಂತೇನಿಲ್ಲ. ಗಾಳಿ, ಓಜೋನ್, ಬಿಸಿ, ಎಂಜಿನ್ನಿನಿಂದ ತೊಟ್ಟಿಕ್ಕುವ ಆಯಿಲ್, ಇಷ್ಟೇ ಸಾಕು. ಮೊದಲು ಗಟ್ಟಿಯಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ, ಕೊನೆಗೆ ಕೊಳವೆಯಿಂದ ಬಿಟ್ಟುಕೊಳ್ಳುತ್ತದೆ. "ಕಡಿಮೆ ಓಡಿದ ಗಾಡಿ, ಷೆಡ್ಡಿನಲ್ಲೇ ನಿಂತಿತ್ತು" ಅಂತ ಯಾರಾದರೂ ಹೊಗಳಿ ಮಾರಿದರೆ ಎಂಜಿನ್ನಿನ ಮಟ್ಟಿಗೆ ಸಂತೋಷಪಡಿ. ಬುಷ್‌ಗಳ ಮಟ್ಟಿಗೆ ಆ ಮಾತಿಗೆ ಬೆಲೆಯಿಲ್ಲ.

ಹಾಳಾದ ಬುಷ್ ಏನು ಮಾಡುತ್ತದೆ ಅನ್ನುವುದು ಬ್ರೇಕ್ ಹಾಕಿದಾಗ ಚೆನ್ನಾಗಿ ಗೊತ್ತಾಗುತ್ತದೆ. ಬ್ರೇಕ್ ಒತ್ತಿದರೆ ನೆಲ ಟೈರನ್ನು ಹಿಂದಕ್ಕೆ ಎಳೆಯುತ್ತದೆ. ಹೊಸ ಬುಷ್ ಸ್ವಲ್ಪವೇ ಬಾಗುತ್ತದೆ. ಎಷ್ಟು ಬಾಗಬೇಕು ಅಂತ ಎಂಜಿನಿಯರುಗಳು ಮೊದಲೇ ಲೆಕ್ಕ ಹಾಕಿರುತ್ತಾರೆ. ಹಳೆಯದು ಜಾಸ್ತಿ ಸರಿಯುತ್ತದೆ. ಜೊತೆಗೆ ಎಡಗಡೆಯದು ಒಂದು ಥರ, ಬಲಗಡೆಯದು ಇನ್ನೊಂದು ಥರ ಸರಿಯುತ್ತದೆ. ಆಗ ಚಕ್ರದ ದಿಕ್ಕೇ ಬದಲಾಗುತ್ತದೆ. ಮುಂದಿನ ಚಕ್ರವಾದರೆ ಕಾರು ಒಂದು ಕಡೆಗೆ ಎಳೆಯುತ್ತದೆ. ಹಿಂದಿನ ಚಕ್ರವಾದರೆ ವೇಗದಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಕಾರಿನ ಹಿಂಭಾಗ ಅಲುಗಿದ ಹಾಗಾಗುತ್ತದೆ. ಚಕ್ರಗಳ ಕೋನ ಅಳೆದು ಸರಿಮಾಡುವ ಅಲೈನ್‌ಮೆಂಟ್ ಅಂಗಡಿಯಲ್ಲಿ ಕಾರು ನಿಂತಿರುವಾಗ ಅಳತೆ ಎಲ್ಲ ಸರಿಯಾಗೇ ಕಾಣಿಸುತ್ತದೆ. ತಪ್ಪು ಗೊತ್ತಾಗುವುದು ರಸ್ತೆಯಲ್ಲಿ, ಭಾರ ಬಿದ್ದಾಗ ಮಾತ್ರ.

ಹಾಗಂತ ನೇರವಾಗಿ ಬುಷ್‌ಗೇ ಕೈಹಾಕಬೇಡಿ. ಮೊದಲು ಟೈರು ನೋಡಿ. ಟೈರಿನ ಪಕ್ಕದಲ್ಲಿರುವ ಕೋಡಿನ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ. 2314 ಅಂದರೆ 2014ರ 23ನೇ ವಾರ. ಅಪರೂಪಕ್ಕೆ ಓಡುವ ಕಾರುಗಳಲ್ಲಿ ಟೈರಿನ ಪಟ್ಟಿ ಹೊಸದರಂತೆ ಕಂಡರೂ ರಬ್ಬರ್ ಕಲ್ಲಾಗಿರುತ್ತದೆ. ಸಸ್ಪೆನ್ಷನ್ನಿನ ಮೇಲೆ ಹೊರಿಸುವ ಅರ್ಧ ದೂರು ನಿಜವಾಗಿ ಟೈರಿನದೇ ಅಂತ ನನ್ನ ಅನಿಸಿಕೆ.

ಆಮೇಲೆ ಜಾಕ್ ಹಾಕಿ. ಮಿಯಾಟಾದಲ್ಲಿ ಮುಂದೆ ಮಧ್ಯದ ಅಡ್ಡ ತೊಲೆಗೆ (ಕ್ರಾಸ್‌ಮೆಂಬರ್), ಹಿಂದೆ ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿಗೆ ಜಾಕ್ ಕೊಡಬಹುದು. ಸ್ಟ್ಯಾಂಡ್ ಇಡುವ ಮುಂಚೆ ಬಾಗಿಲ ಕೆಳಗಿನ ಅಂಚು ತುಕ್ಕು ಹಿಡಿದಿದೆಯಾ ನೋಡಿಕೊಳ್ಳಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರುಗಳಲ್ಲಿ ಓಡಿದ ಕಾರಾದರೆ, ಹಿಂದಿನ ಚಕ್ರದ ಮುಂಭಾಗದ ಆ ಜಾಗ ಒಳಗಿಂದಲೇ ತಿಂದುಹೋಗಿರುವುದು ಮಾಮೂಲು. ಅಂಥ ಕಾರಿಗೆ ಬುಷ್ ಖರ್ಚು ಮಾಡುವುದಕ್ಕಿಂತ ಮೊದಲು ವೆಲ್ಡಿಂಗ್ ಖರ್ಚು ಮಾಡಬೇಕು.

ಚಕ್ರ ಗಾಳಿಯಲ್ಲಿದ್ದಾಗ ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಆಟ, ಅಂದರೆ ಸಡಿಲ, ಇದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಎಡ ಬಲ ಹಿಡಿದು ಅಲುಗಾಡಿಸಿದಾಗ ಆಟ ಸಿಕ್ಕಿದರೆ ಸ್ಟೀರಿಂಗಿಗೂ ಚಕ್ರಕ್ಕೂ ಕೊಂಡಿಯಾದ ಟೈ ರಾಡ್ ಎಂಡ್ ಇರಬಹುದು. ಬುಷ್‌ಗಳನ್ನು ಕೈಯಲ್ಲಿ ಅಲುಗಾಡಿಸಿ ನೋಡಲು ಆಗುವುದಿಲ್ಲ. ಒಂದು ಉದ್ದನೆಯ ಸರಳನ್ನು ಆರ್ಮ್ ಮತ್ತು ಚೌಕಟ್ಟಿನ ನಡುವೆ ಕೊಟ್ಟು ಮೆಲ್ಲಗೆ ಮೀಟಿ. ರಬ್ಬರ್ ಬಾಗಿ ವಾಪಸ್ ಬಂದರೆ ಜೀವ ಇದೆ. ಬಿರುಕು ಬಾಯಿ ಬಿಟ್ಟರೆ, ಒಳಗಿನ ಕೊಳವೆ ಮಧ್ಯಕ್ಕೆ ಇರದೆ ಒಂದು ಕಡೆಗೆ ಜರುಗಿದ್ದರೆ, ಅದರ ಕಾಲ ಮುಗಿಯಿತು. ಇಂಗ್ಲೆಂಡಿನ ವಾರ್ಷಿಕ ಎಂಒಟಿ ತಪಾಸಣೆಯಲ್ಲೂ ಇಂಥ ಆಟವನ್ನು ಹುಡುಕುತ್ತಾರೆ. ಆದರೆ ಎಂಒಟಿ ಪಾಸಾಯಿತು ಅಂದರೆ ಕಾರು ಅಪಾಯವಿಲ್ಲದೆ ಓಡುತ್ತದೆ ಅಂತ ಅಷ್ಟೇ ಅರ್ಥ. ಚೆನ್ನಾಗಿ ಓಡುತ್ತದೆ ಅಂತಲ್ಲ.

ಸಣ್ಣ ಗುಂಡಿಗೆ ಇಳಿದಾಗಲೆಲ್ಲ ಮುಂದಿನಿಂದ ಟಕ್ ಟಕ್ ಅಂತ ಸದ್ದು ಬರುತ್ತಿದ್ದರೆ ತಿರುವಿನಲ್ಲಿ ಮೈ ವಾಲುವುದನ್ನು ತಡೆಯುವ ಆ್ಯಂಟಿ ರೋಲ್ ಬಾರಿನ ಲಿಂಕ್ ರಾಡ್ ಮತ್ತು ಅದರ ಬುಷ್‌ಗಳಿಂದ ಶುರುಮಾಡಿ. ಅಗ್ಗ, ಸುಲಭ, ಬಹಳ ಸಲ ತಪ್ಪಿತಸ್ಥ ಅದೇ.

ಈಗ ನಿಜವಾದ ಕೆಲಸ. ಬುಷ್ ಬದಲಾಯಿಸುವುದರಲ್ಲಿ ಕಷ್ಟದ ಭಾಗ ಬುಷ್ ಅಲ್ಲ, ಬೋಲ್ಟು. ಆರ್ಮಿನ ಉದ್ದನೆಯ ಬೋಲ್ಟು ಬುಷ್ಷಿನ ಒಳಕೊಳವೆಯೊಳಗೆ ದಶಕಗಳಿಂದ ಕೂತಿರುತ್ತದೆ. ನೀರು ಒಳಗೆ ಹೋಗಿ, ತುಕ್ಕು ಹಿಡಿದು, ಎರಡೂ ಒಂದೇ ಕಬ್ಬಿಣವಾಗಿಬಿಟ್ಟಿರುತ್ತವೆ. ನಟ್ಟು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ, ಬೋಲ್ಟು ಕದಲುವುದಿಲ್ಲ. ತಿರುಗಿಸಿದರೆ ರಬ್ಬರ್ ತಿರುಚಿಕೊಂಡು ಮತ್ತೆ ವಾಪಸ್ ಬರುತ್ತದೆ, ಅಷ್ಟೇ. ಹಿಂದಿನ ಚಕ್ರದ ಹಬ್ಬಿನ (ಚಕ್ರ ಕೂರುವ ನಡುಭಾಗ) ಕೆಳಗೆ ಅಡ್ಡವಾಗಿ ಹೋಗುವ ಉದ್ದ ಬೋಲ್ಟು ಇದರಲ್ಲಿ ಕುಖ್ಯಾತ. ತುಕ್ಕು ಬಿಡಿಸುವ ಎಣ್ಣೆಯನ್ನು ಕೆಲಸಕ್ಕೆ ಕೆಲವು ದಿನ ಮುಂಚಿನಿಂದಲೇ ಹಾಕುತ್ತಾ ಬರಬೇಕು. ಅದಕ್ಕೂ ಜಗ್ಗದಿದ್ದರೆ ಬಿಸಿ. ಬಿಸಿಗೂ ಜಗ್ಗದಿದ್ದರೆ ಗರಗಸ. ಗರಗಸದ ಸರದಿ ಬರುತ್ತದೆ ಅಂತಲೇ ಅಂದುಕೊಂಡು ಹೊಸ ಬೋಲ್ಟುಗಳನ್ನು ಮೊದಲೇ ತರಿಸಿಟ್ಟುಕೊಳ್ಳುವುದು ಜಾಣತನ. ಕಾರನ್ನು ಸ್ಟ್ಯಾಂಡಿನ ಮೇಲೆ ಬಿಚ್ಚಿಹಾಕಿ, ಒಂದು ಬೋಲ್ಟಿಗಾಗಿ ವಾರಗಟ್ಟಲೆ ಕಾಯುವುದು ಯಾರಿಗೆ ಬೇಕು?

ಕೆಳಗಿನ ಆರ್ಮುಗಳ ಒಳತುದಿಯ ಬೋಲ್ಟುಗಳು ಸಾದಾ ಬೋಲ್ಟುಗಳಲ್ಲ. ಅವಕ್ಕೆ ಕ್ಯಾಮ್ ಇದೆ, ಅಂದರೆ ಕೇಂದ್ರ ತಪ್ಪಿಸಿದ ವಾಷರು. ಚಕ್ರಕ್ಕೆ ಎರಡರಂತೆ ಒಟ್ಟು ಎಂಟು. ಅವನ್ನು ತಿರುಗಿಸಿದರೆ ಆರ್ಮ್ ಒಳಕ್ಕೆ ಹೊರಕ್ಕೆ ಸರಿದು ಚಕ್ರದ ಕೋನ ಬದಲಾಗುತ್ತದೆ. ಇಷ್ಟೊಂದು ಹೊಂದಾಣಿಕೆಗೆ ಅವಕಾಶ ಕೊಟ್ಟಿರುವುದು ಈ ಕಾರಿನ ದೊಡ್ಡ ಗುಣ. ಆದರೆ ಈ ಎಂಟೂ ಜಾಮ್ ಆಗಿದ್ದರೆ ಅಲೈನ್‌ಮೆಂಟ್ ಮಾಡುವ ದಾರಿಯೇ ಇಲ್ಲ. ಹಾಗಾಗಿ ಹಳೇ ಮಿಯಾಟಾ ಕೊಳ್ಳುವವರು ಬಣ್ಣ, ಸೀಟು ನೋಡುವ ಮುಂಚೆ ಈ ಎಂಟು ಬೋಲ್ಟುಗಳು ತಿರುಗುತ್ತವೆಯೇ ಅಂತ ಕೇಳಬೇಕು. ಬಿಚ್ಚುವ ಮೊದಲು ಕ್ಯಾಮ್ ಎಲ್ಲಿ ನಿಂತಿತ್ತು ಅಂತ ಬಣ್ಣದ ಗುರುತು ಹಾಕಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅಲೈನ್‌ಮೆಂಟ್ ಅಂಗಡಿಗೆ ಕಾರನ್ನು ಓಡಿಸಿಕೊಂಡು ಹೋಗುವಷ್ಟಾದರೂ ಸರಿಯಾಗಿರಬೇಕಲ್ಲ.

ಆರ್ಮ್ ಹೊರಬಂದ ಮೇಲೆ ಹಳೇ ಬುಷ್ ತೆಗೆಯಲು ಹೈಡ್ರಾಲಿಕ್ ಪ್ರೆಸ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ದಪ್ಪ ಥ್ರೆಡ್ ರಾಡು, ಸರಿಯಾದ ಅಳತೆಯ ಸಾಕೆಟ್ಟುಗಳು ಮತ್ತು ತಾಳ್ಮೆ. ಬೆಂಕಿ ಹಚ್ಚಿ ರಬ್ಬರ್ ಸುಡುವವರೂ ಇದ್ದಾರೆ. ಕೆಲಸ ಬೇಗ ಆಗುತ್ತದೆ ನಿಜ, ಆದರೆ ಆ ಹೊಗೆ ವಿಷ, ಪಕ್ಕದ ಮನೆಯವರ ಜೊತೆ ಜಗಳ ಬೇರೆ. ಹತ್ತಾರು ಬುಷ್‌ಗಳಿಗೆ ಇಷ್ಟೆಲ್ಲ ಒದ್ದಾಡಲು ಮನಸ್ಸಿಲ್ಲದಿದ್ದರೆ ಆರ್ಮುಗಳನ್ನು ಬಿಚ್ಚಿ ಮಷೀನ್ ಷಾಪಿಗೆ ಕೊಡಿ. ಒತ್ತಿ ತೆಗೆದು, ಒತ್ತಿ ಹಾಕಿ ಕೊಡುತ್ತಾರೆ.

ಹೊಸದಾಗಿ ಏನು ಹಾಕುವುದು? ಇಲ್ಲಿ ಎರಡು ಪಕ್ಷಗಳಿವೆ. ಒಂದು, ಕಂಪನಿಯ ಹಾಗೇ ರಬ್ಬರ್. ಇನ್ನೊಂದು, ಪಾಲಿಯುರೆಥೇನ್. ಪಾಲಿ ಗಟ್ಟಿ, ಬಣ್ಣಬಣ್ಣದ್ದು, ಕೈಯಲ್ಲೇ ಒತ್ತಿ ಹಾಕಬಹುದು. ಆದರೆ ಎರಡೂ ಕೆಲಸ ಮಾಡುವ ರೀತಿ ಬೇರೆ. ರಬ್ಬರ್ ಬುಷ್ ಜಾರುವುದಿಲ್ಲ. ಆರ್ಮ್ ಮೇಲೆ ಕೆಳಗೆ ಆಡುವಾಗ ರಬ್ಬರ್ ತಾನೇ ತಿರುಚಿಕೊಳ್ಳುತ್ತದೆ. ಗ್ರೀಸು ಬೇಡ, ಸವೆಯಲು ಉಜ್ಜಾಟವೇ ಇಲ್ಲ. ಪಾಲಿ ಬುಷ್ ಒಳಕೊಳವೆಯ ಸುತ್ತ ಜಾರುತ್ತದೆ, ಅದಕ್ಕೆ ಗ್ರೀಸು ಬೇಕು. ಗ್ರೀಸು ಒಣಗಿದರೆ ಕಿರ್ರೋ ಅನ್ನುತ್ತದೆ, ಆಮೇಲೆ ಹಿಡಿದುಕೊಳ್ಳುತ್ತದೆ. ರೇಸ್ ಟ್ರ್ಯಾಕಿಗೆ ಹೋಗುವ ಕಾರಿಗೆ ಪಾಲಿ ಸರಿ. ರಸ್ತೆಯ ಕಾರಿಗೆ ನಾನು ರಬ್ಬರನ್ನೇ ಹೇಳುವುದು. ಕಂಪನಿಯ ರಬ್ಬರು ಇಷ್ಟು ವರ್ಷ ಯಾರೂ ತಿರುಗಿ ನೋಡದೆ ಬಾಳಿದೆ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಾ?

ಬಿಡಿಭಾಗದ ಚಿಂತೆ ಈ ಕಾರಿಗೆ ಕಡಿಮೆ. ಮೊದಲ ತಲೆಮಾರಿನ ಕಾರುಗಳೇ 4 ಲಕ್ಷಕ್ಕೂ ಹೆಚ್ಚು ತಯಾರಾದವು. ಎಲ್ಲ ತಲೆಮಾರುಗಳೂ ಸೇರಿ 2016ರಲ್ಲಿ 10 ಲಕ್ಷ ದಾಟಿತು. 2017ರಲ್ಲಿ ಮಜ್ದಾ ಕಂಪನಿಯೇ ಜಪಾನಿನಲ್ಲಿ ಹಳೇ ಕಾರುಗಳನ್ನು ಪುನಃ ಹೊಸದು ಮಾಡಿಕೊಡುವ ಯೋಜನೆ ಪ್ರಕಟಿಸಿ, ನಿಂತುಹೋಗಿದ್ದ ಕೆಲವು ಬಿಡಿಭಾಗಗಳನ್ನು ಮತ್ತೆ ತಯಾರಿಸಲು ಶುರುಮಾಡಿತು. ಆ ಕಾಲದ ಅಳತೆಯ, 185/60 ಆರ್14ರ ಟೈರನ್ನು ಕೂಡ ಬ್ರಿಜ್‌ಸ್ಟೋನ್ ಮತ್ತೆ ಮಾಡಿಕೊಟ್ಟಿತು.

ಇನ್ನು ಈ ಕೆಲಸದಲ್ಲಿ ಜನ ಅತಿ ಹೆಚ್ಚು ತಪ್ಪುವ ಜಾಗ. ಇದು ಮಿಯಾಟಾಕ್ಕೆ ಮಾತ್ರವಲ್ಲ, ಬೆಂಗಳೂರಿನಲ್ಲಿ ನೀವು ದಿನಾ ಓಡಿಸುವ ಕಾರಿನ ಲೋವರ್ ಆರ್ಮ್ ಬದಲಾಯಿಸುವಾಗಲೂ ಇದೇ ಮಾತು. ಬೋಲ್ಟು ಬಿಗಿ ಮಾಡಿದಾಗ ಬುಷ್ಷಿನ ಒಳಕೊಳವೆ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಆ ಕ್ಷಣದಲ್ಲಿ ಆರ್ಮ್ ಯಾವ ಕೋನದಲ್ಲಿತ್ತೋ, ರಬ್ಬರಿಗೆ ಅದೇ ಆರಾಮದ ಸ್ಥಿತಿ. ಕಾರು ಜಾಕಿನ ಮೇಲೆ ಇದ್ದಾಗ ಚಕ್ರ ಕೆಳಗೆ ಜೋತುಬಿದ್ದಿರುತ್ತದೆ. ಆಗಲೇ ಬಿಗಿ ಮಾಡಿಬಿಟ್ಟರೆ ಏನಾಗುತ್ತದೆ? ಕಾರನ್ನು ನೆಲಕ್ಕಿಳಿಸಿದ ಕೂಡಲೇ ಆರ್ಮ್ ಮೇಲೇರುತ್ತದೆ, ರಬ್ಬರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಹಿಂಡಿಸಿಕೊಂಡೇ ಹಗಲೂ ರಾತ್ರಿ ನಿಂತಿರುತ್ತದೆ. ಕಾರು ಇರಬೇಕಾದ್ದಕ್ಕಿಂತ ಎತ್ತರಕ್ಕೆ ಕೂರುತ್ತದೆ, ಸವಾರಿ ಗಡುಸಾಗುತ್ತದೆ, ಹೊಸ ಬುಷ್ ಬೇಗ ಹರಿಯುತ್ತದೆ. "ಬಿಡಿಭಾಗ ಡೂಪ್ಲಿಕೇಟ್ ಇರಬೇಕು, ಆರು ತಿಂಗಳಿಗೇ ಹೋಯ್ತು" ಅನ್ನುವ ದೂರುಗಳಲ್ಲಿ ಎಷ್ಟೋ ಇದರಿಂದಲೇ ಹುಟ್ಟಿದವು.

ಮಾಡಬೇಕಾದ್ದು ಇಷ್ಟು. ಬಿಚ್ಚುವ ಮುಂಚೆ, ಕಾರು ಸಮತಟ್ಟಾದ ನೆಲದ ಮೇಲಿರುವಾಗ, ಪ್ರತಿ ಚಕ್ರದ ನಡುಮಧ್ಯದಿಂದ ಮೇಲಿನ ಫೆಂಡರ್ ಅಂಚಿನವರೆಗೆ ಅಳೆದು ಬರೆದುಕೊಳ್ಳಿ. ಜೋಡಿಸುವಾಗ ಎಲ್ಲ ಬೋಲ್ಟುಗಳನ್ನೂ ಕೈಬಿಗಿಗೆ ಮಾತ್ರ ಬಿಡಿ. ಆಮೇಲೆ ಹಬ್ಬಿನ ಕೆಳಗೆ ಜಾಕ್ ಕೊಟ್ಟು ಅದೇ ಅಳತೆ ಬರುವ ತನಕ ಎತ್ತಿ ಬಿಗಿ ಮಾಡಿ. ಇಲ್ಲವೇ ನಾಲ್ಕೂ ಚಕ್ರ ಊರಿಕೊಂಡಿರುವ ಲಿಫ್ಟಿನ ಮೇಲೆ ಮಾಡಿ. ಒಂದು ಒಳಗುಟ್ಟು ಇದೆ. ಕ್ಯಾಮ್ ಬೋಲ್ಟುಗಳನ್ನು ಅಲೈನ್‌ಮೆಂಟ್ ಅಂಗಡಿಯವರು ಹೇಗೂ ಸಡಿಲಿಸಿ, ಕಾರು ಚಕ್ರಗಳ ಮೇಲೆ ನಿಂತಿರುವಾಗಲೇ ಬಿಗಿ ಮಾಡುತ್ತಾರೆ. ಹಾಗಾಗಿ ಅವು ತಾನಾಗಿಯೇ ಸರಿಹೋಗುತ್ತವೆ. ಮರೆತುಹೋಗುವುದು ಮೇಲಿನ ಆರ್ಮುಗಳ ಬೋಲ್ಟು, ಹಿಂದಿನ ಹೊರತುದಿಯ ಬೋಲ್ಟು ಮತ್ತು ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟು. ಅಲ್ಲೂ ರಬ್ಬರೇ ಇದೆ.

ಶಾಕ್ ಅಬ್ಸಾರ್ಬರಿಗೆ ಬರೋಣ. ಸ್ಪ್ರಿಂಗ್ ಕಾರಿನ ಭಾರ ಹೊರುತ್ತದೆ. ಶಾಕ್ ಭಾರ ಹೊರುವುದಿಲ್ಲ, ಸ್ಪ್ರಿಂಗಿನ ಕುಣಿತ ನಿಲ್ಲಿಸುತ್ತದೆ. ಒಳಗಿನ ಪಿಸ್ಟನ್ ಆಯಿಲನ್ನು ಸಣ್ಣ ವಾಲ್ವುಗಳ ಮೂಲಕ ನೂಕುತ್ತದೆ, ಅಲುಗಾಟ ಬಿಸಿಯಾಗಿ ಕಳೆದುಹೋಗುತ್ತದೆ. ಕಾರಿನ ಮೂಲೆ ಒತ್ತಿ ಬಿಟ್ಟು, ಎಷ್ಟು ಸಲ ಕುಣಿಯುತ್ತದೆ ಅಂತ ನೋಡುವ ಹಳೇ ಪರೀಕ್ಷೆ ಪೂರ್ತಿ ಸತ್ತ ಶಾಕನ್ನು ಮಾತ್ರ ಹಿಡಿಯುತ್ತದೆ. ಅರ್ಧ ಸತ್ತದ್ದು ಅದರಲ್ಲಿ ಪಾಸಾಗುತ್ತದೆ. ಮೈಮೇಲೆ ಆಯಿಲ್ ಸೋರಿದ ಗುರುತು ಇದ್ದರೆ, ಅಥವಾ ತಿರುವಿನ ಮಧ್ಯದಲ್ಲಿ ಉಬ್ಬು ಸಿಕ್ಕಾಗ ಕಾರು ಪಕ್ಕಕ್ಕೆ ನೆಗೆದ ಹಾಗಾದರೆ ಬದಲಾಯಿಸಿ. ಒಂದು ಆಕ್ಸಲ್ಲಿನ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಈ ಕಾರಿನ ಕೆಲವು ಮಾದರಿಗಳಿಗೆ ಕಂಪನಿಯಿಂದಲೇ ಬಿಲ್‌ಸ್ಟೈನ್ ಹೆಸರಿನ ಶಾಕ್ ಬರುತ್ತಿತ್ತು, ಈಗಲೂ ಅದು ಒಳ್ಳೇ ಆಯ್ಕೆ.

ಸ್ಪ್ರಿಂಗ್ ಸಾಮಾನ್ಯವಾಗಿ ಹಾಳಾಗುವುದಿಲ್ಲ. ತುದಿಯ ಸುತ್ತು ತುಕ್ಕಿನಿಂದ ಮುರಿದಿಲ್ಲವಾದರೆ ತೊಳೆದು, ಬಣ್ಣ ಬಳಿದು ವಾಪಸ್ ಹಾಕಿ. ಆದರೆ ಅದನ್ನು ಬಿಚ್ಚುವಾಗ ಎಚ್ಚರ. ಶಾಕಿನ ಮೇಲೆ ಅದು ಒತ್ತಿ ಕೂತಿರುತ್ತದೆ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸರಿಯಾದ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ಟು ಬಿಚ್ಚಿದರೆ ಚಿಮ್ಮುತ್ತದೆ, ಮುಖಕ್ಕೆ ಬಡಿದರೆ ಪ್ರಾಣಕ್ಕೇ ಕುತ್ತು. ಆ ಉಪಕರಣ ಕೈಲಿಲ್ಲದವರು ಇಷ್ಟನ್ನು ಗ್ಯಾರೇಜಿನವರಿಗೆ ಬಿಡಲಿ.

ಶಾಕಿನ ಕಂಬಿಗೆ ಸಿಕ್ಕಿಸಿದ ಒಂದು ಸಣ್ಣ ನೊರೆತುಂಡು ಇರುತ್ತದೆ, ಬಂಪ್ ಸ್ಟಾಪ್. ಇದನ್ನು ಯಾರೂ ಗಮನಿಸುವುದೇ ಇಲ್ಲ. ಮಿಯಾಟಾದಲ್ಲಿ ಚಕ್ರ ಮೇಲೆ ಕೆಳಗೆ ಆಡುವ ಜಾಗವೇ ಕಡಿಮೆ. ಆದ್ದರಿಂದ ಗಟ್ಟಿ ತಿರುವಿನಲ್ಲಿ, ದೊಡ್ಡ ಗುಂಡಿಯಲ್ಲಿ ಶಾಕ್ ಈ ತುಂಡಿನ ಮೇಲೆ ಕೂರುತ್ತದೆ. ಅದು ಮೆತ್ತಗೆ ಒತ್ತಿಕೊಂಡು ಎರಡನೇ ಸ್ಪ್ರಿಂಗಿನಂತೆ ಕೆಲಸ ಮಾಡಬೇಕು. ಹಳೇ ಕಾರಿನಲ್ಲಿ ಧೂಳಿನ ಮುಚ್ಚಳ ಎತ್ತಿ ನೋಡಿದರೆ ಅಲ್ಲಿ ಪುಡಿ ಮಾತ್ರ ಸಿಗುತ್ತದೆ. ಆಗ ಕಬ್ಬಿಣ ಕಬ್ಬಿಣಕ್ಕೆ ಬಡಿಯುತ್ತದೆ, ತಿರುವಿನ ಮಧ್ಯೆ ಟೈರು ಒಮ್ಮೆಗೇ ಹಿಡಿತ ಬಿಡುತ್ತದೆ. ಕಾರನ್ನು ತಗ್ಗಿಸಿದವರಿಗೆ ಈ ಕಷ್ಟ ದುಪ್ಪಟ್ಟು. ಇದ್ದ ಸ್ವಲ್ಪ ಜಾಗವನ್ನೂ ಅವರು ತಿಂದುಹಾಕಿರುತ್ತಾರೆ. ಹೊಸ ಶಾಕ್ ಹಾಕುವಾಗ ಹೊಸ ಬಂಪ್ ಸ್ಟಾಪ್ ಹಾಕದೆ ಇರುವುದು ಶುದ್ಧ ಜಿಪುಣತನ. ಎರಡನೇ ತಲೆಮಾರಿನ ಮಿಯಾಟಾದ ಮೇಲಿನ ಮೌಂಟನ್ನು (ಶಾಕಿನ ತುದಿ ಕಾರಿಗೆ ಸೇರುವ ಭಾಗ) ಹಳೇ ಕಾರಿಗೆ ಹಾಕಿ ಸ್ವಲ್ಪ ಜಾಸ್ತಿ ಜಾಗ ಗಿಟ್ಟಿಸುವ ಉಪಾಯವೂ ಚಾಲ್ತಿಯಲ್ಲಿದೆ, ಅದು ಕೆಲಸಕ್ಕೆ ಬರುವ ಉಪಾಯವೇ.

ಬಾಲ್ ಜಾಯಿಂಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುಂದಿನ ಕೆಳಗಿನದು ಬೋಲ್ಟು ಬಿಚ್ಚಿ ಬದಲಾಯಿಸುವಂಥದ್ದು. ಬಿಡಿಸುವಾಗ ಕವಲು ಸರಳು ಕೊಟ್ಟು ಸುತ್ತಿಗೆಯಲ್ಲಿ ಬಡಿದರೆ ಜಾಯಿಂಟಿನ ಮೇಲಿನ ರಬ್ಬರ್ ಮುಚ್ಚಳ, ಅಂದರೆ ಬೂಟ್, ಹರಿಯುತ್ತದೆ. ಬೂಟ್ ಹರಿದರೆ ಮಣ್ಣು ಒಳಗೆ ಸೇರಿ, ಚೆನ್ನಾಗಿದ್ದ ಜಾಯಿಂಟೂ ಹೋಗುತ್ತದೆ. ಸ್ಕ್ರೂ ತಿರುಗಿಸಿ ಒತ್ತುವ ಪುಲ್ಲರ್ ಬಳಸಿ.

ಎಲ್ಲ ಒಂದೇ ಸಲ ಮಾಡಿಸಲು ದುಡ್ಡಿಲ್ಲದಿದ್ದರೆ? ಟೈರು ಹಳೆಯದಾಗಿದ್ದರೆ ಮೊದಲು ಟೈರು. ಆಟ ಬಂದಿರುವ ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಇದ್ದರೆ ಅದನ್ನು ಮುಂದೂಡುವ ಹಾಗೇ ಇಲ್ಲ, ಚಕ್ರ ಕಳಚುವ ಮಾತು ಅದು. ಆಮೇಲೆ ಲಿಂಕ್ ರಾಡು, ಬಂಪ್ ಸ್ಟಾಪ್, ಶಾಕು. ಬುಷ್‌ಗಳನ್ನು ಕೊನೆಗಿಡಿ. ಕಡಿಮೆ ಮುಖ್ಯ ಅಂತಲ್ಲ, ಅದಕ್ಕೆ ಕಾರನ್ನು ಪೂರ್ತಿ ಬಿಚ್ಚಬೇಕು, ಮಾಡಿದರೆ ನಾಲ್ಕೂ ಚಕ್ರಕ್ಕೆ ಒಟ್ಟಿಗೇ ಮಾಡಬೇಕು ಅಂತ. ಒಂದು ಮೂಲೆಗೆ ಹೊಸದು, ಇನ್ನೊಂದಕ್ಕೆ ಹಳೆಯದು ಅಂದರೆ ಕಾರು ಎಡಕ್ಕೊಂದು ಥರ, ಬಲಕ್ಕೊಂದು ಥರ ತಿರುಗುತ್ತದೆ.

ಕೊನೆಗೆ ಅಲೈನ್‌ಮೆಂಟ್. ಇದಿಲ್ಲದೆ ಮೇಲಿನದೆಲ್ಲ ವ್ಯರ್ಥ. ಅಂಗಡಿಯ ಕಂಪ್ಯೂಟರಿನಲ್ಲಿ ಎಲ್ಲ ಹಸಿರು ಬಂದರೆ ಸಾಕು ಅಂತ ಬಿಡಬೇಡಿ. ಕಂಪನಿ ಕೊಟ್ಟ ಮಿತಿ ಅಗಲವಾಗಿದೆ, ಅದರ ಎರಡು ತುದಿಗಳಲ್ಲಿ ಕಾರಿನ ಸ್ವಭಾವವೇ ಬೇರೆ. ರಸ್ತೆಯ ಬಳಕೆಗೆ ಮಿಯಾಟಾದವರು ಸಾಮಾನ್ಯವಾಗಿ ಕೇಳುವುದು ಇಷ್ಟು: ಮುಂದಿನ ಚಕ್ರಗಳ ತಲೆ ಒಳಕ್ಕೆ ಸುಮಾರು 1 ಡಿಗ್ರಿ, ಹಿಂದಿನವು ಅದಕ್ಕಿಂತ ಅರ್ಧ ಡಿಗ್ರಿ ಜಾಸ್ತಿ, ಕ್ಯಾಸ್ಟರ್ (ಚಕ್ರ ತಿರುಗುವ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಎರಡೂ ಕಡೆ ಒಂದೇ ಸಮ ಇಟ್ಟುಕೊಂಡು ಸಿಕ್ಕಷ್ಟು ಜಾಸ್ತಿ, ಮುಂದೆ ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಬಹುತೇಕ ಸೊನ್ನೆ, ಹಿಂದೆ ತುಸು ಒಳಮುಖ. ಹಿಂದಿನ ಟೋ ಹೊರಮುಖವಾಗಿ ಉಳಿದರೆ ಮಳೆಯಲ್ಲಿ ಈ ಹಗುರ ಕಾರು ಹೆದರಿಸುತ್ತದೆ. ಕಾರು ಇಷ್ಟು ಹಗುರವಾಗಿರುವುದರಿಂದ, ಅಳೆಯುವಾಗ ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟೇ ತೂಕ ಇರಲಿ, ನೀವೇ ಕೂತರೂ ಆಯಿತು.

ಅಲ್ಲಿಂದ ಹೊರಡುವ ಮುಂಚೆ ಎಂಟೂ ಕ್ಯಾಮ್‌ಗಳಿಗೆ ಹೊಸದಾಗಿ ಬಣ್ಣದ ಗೆರೆ ಎಳೆಯಿರಿ, ಕ್ಯಾಮಿನಿಂದ ಚೌಕಟ್ಟಿನವರೆಗೆ ಒಂದೇ ಗೆರೆ. ಕೆಲವು ವಾರ ಓಡಿಸಿದ ಮೇಲೆ ಕೆಳಗೆ ಬಗ್ಗಿ ನೋಡಿ. ಗೆರೆ ಎಲ್ಲಾದರೂ ಮುರಿದಿದ್ದರೆ ಆ ಕ್ಯಾಮ್ ಜಾರಿದೆ, ಅಲೈನ್‌ಮೆಂಟ್ ಕೆಟ್ಟಿದೆ. ಬರೀ ನಟ್ಟು ಬಿಗಿ ಮಾಡಿ ಸುಮ್ನೆ ಇದ್ದುಬಿಡಬೇಡಿ, ವಾಪಸ್ ಹೋಗಿ ಅಳತೆ ಮಾಡಿಸಿ.